ಉಪ್ಪುನೀರಿಗೆ ಐದು ಮೀನು

"ಇವೆಲ್ಲ ಒಂದೇ ನೀರಲ್ಲಿ ಜಗಳ ಇಲ್ಲದೆ ಇರ್ತಾವಾ ಅಂತ ಕೇಳಿದ್ದು ನಿನ್ನತ್ರ, ಶ್ರೀನಿವಾಸ. ನೀನೆಂತ ಬಾಯಿಗೆ ಬೀಗ ಹಾಕಿಕೊಂಡದ್ದು?" ಎಂದರು ಕಿಟ್ಟಣ್ಣ.

ಶೀನ ಬಗ್ಗಿದ್ದವನು ನೆಟ್ಟಗಾದ. ನಾಸಿಕದಲ್ಲಿ ಕಿಟ್ಟಣ್ಣನ ಹೋಟೆಲಿನ ಹಿತ್ತಲಲ್ಲಿ, ಇಡ್ಲಿ ತಟ್ಟೆಗಳನ್ನು ಬೋರಲು ಹಾಕುವ ಕಟ್ಟೆಯ ಮೇಲೆ, ಎಂಟು ಪ್ಲಾಸ್ಟಿಕ್ ಚೀಲಗಳು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ಒಂದೊಂದರಲ್ಲಿ ಒಂದೊಂದು ಮೀನು, ಔರಂಗಾಬಾದಿನಲ್ಲಿ ತೆರೆಯಲಿರುವ ಹೊಸ ಹೋಟೆಲಿನ ಗಾಜಿನ ತೊಟ್ಟಿಗೆಂದು ತರಿಸಿದ್ದು. ಪಕ್ಕದಲ್ಲಿ ಮುಂಬಯಿಯಿಂದ ಲಾರಿಯಲ್ಲಿ ಬಂದ ಹಾಲಿನ ಕ್ಯಾನುಗಳು, ಅವುಗಳ ತುಂಬ ಸಮುದ್ರದ ನೀರು. ಯಾರೋ ಒಂದರ ಮುಚ್ಚಳ ತೆರೆದಿಟ್ಟಿದ್ದರು. ಆ ವಾಸನೆ ಮೂಗಿನಲ್ಲಿ ನಿಲ್ಲದೆ ನೇರ ಹೊಟ್ಟೆಗೆ ಇಳಿಯಿತು. ಹನ್ನೆರಡು ವರ್ಷದಿಂದ ಇಂಗು, ಏಲಕ್ಕಿ, ಕಾಫಿ ಪುಡಿ, ಒದ್ದೆ ಬಾಳೆಲೆ ಇಷ್ಟೇ ತನ್ನ ವಾಸನೆ ಎಂದು ನಂಬಿಸಿಕೊಂಡಿದ್ದ ದೇಹ ಒಂದೇ ಉಸಿರಿಗೆ ಸೋತು ಬಾಯಲ್ಲಿ ನೀರೂರಿಸಿತು. ಅವನು ಅದನ್ನು ನುಂಗಿದ. ನುಂಗುವಾಗ ಗಂಟಲು ಏರಿಳಿದದ್ದನ್ನು ಯಾರಾದರೂ ನೋಡಿದರೋ ಎಂದು ಕಣ್ಣು ತಾನಾಗಿ ಸುತ್ತ ತಿರುಗಿತು.

"ಮೀನಿನ ವಿಷಯ ನನಗೆಂತ ಗೊತ್ತುಂಟು ಅಣ್ಣ," ಎಂದ. ಧ್ವನಿ ಬೇಕಾದದ್ದಕ್ಕಿಂತ ಜೋರಾಯಿತು.

"ಕಡಲ ಬದಿಯ ಊರಿನವ ಅಲ್ವಾ ಮಾರಾಯ ನೀನು, ಕಣ್ಣಲ್ಲಾದ್ರೂ ನೋಡಿರ್ತಿ ಅಂತ ಕೇಳಿದ್ದು."

"ನಮ್ಮದು ಕಡಲಿನಿಂದ ಮೇಲೆ. ಮೂರು ಮೈಲಿ ಆಗ್ತದೆ."

ಮೀನು ತಂದಿದ್ದ ಮೋಹನದಾಸ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕ. ಮುಂಬಯಿಯಲ್ಲಿ ಗಾಜಿನ ತೊಟ್ಟಿಗಳಿಗೆ ಸಮುದ್ರದ ಮೀನು ಹಿಡಿಸಿ ಮಾರುವವನು, ಮೂಲ ಮಲ್ಪೆ ಬಂದರಿನ ಮೀನುಗಾರರವನು. ಬಂದ ಕೂಡಲೇ ಅದನ್ನು ಇಡೀ ಹೋಟೆಲಿಗೆ ಕೇಳುವಂತೆ ಹೇಳಿಕೊಂಡಿದ್ದ. ಹಾಗೆ ಹೇಳಿಕೊಂಡದ್ದಕ್ಕೆ ಅವನ ಚಹಾ ಬೇರೆ ಇಟ್ಟ ಗಾಜಿನ ಲೋಟದಲ್ಲಿ ಹಿತ್ತಲಿಗೇ ಬಂದಿತ್ತು. "ನೀವು ಯಾವ ಊರು ಅಂದದ್ದು ಸ್ವಾಮಿ?"

"ಉಡುಪಿ."

"ಉಡುಪಿ ಅಂದ್ರೆ ಮಠದ ಹತ್ರ ರಥಬೀದಿಯಾ, ಇಲ್ಲ ಅಲ್ಲಿಂದ ಹಾಗೇ ಪಶ್ಚಿಮಕ್ಕೆ ನಡೆದು ಹೋದ್ರೆ ಕಾಲು ಒದ್ದೆ ಆಗ್ತದಲ್ಲ, ಆ ಕಡೆಯಾ?"

"ಮಾವ, ಟೈಮ್ ವೇಸ್ಟ್ ಮಾಡ್ಬೇಡಿ," ಎಂದು ನಡುವೆ ಬಂದವನು ಹರಿದಾಸ, ಕಿಟ್ಟಣ್ಣನ ತಂಗಿಯ ಮಗ. ನಾಸಿಕದಲ್ಲೇ ಹುಟ್ಟಿ ಬೆಳೆದ ಅವನ ಕನ್ನಡ ಅಜ್ಜಿಯ ಮುಂದೆ ಮಾತ್ರ ನೆಟ್ಟಗಿರುತ್ತಿತ್ತು. ಅವನು ಕೊನೆಯ ಚೀಲವನ್ನು ಬಿಸಿಲಿಗೆ ಎತ್ತಿ ಹಿಡಿದ. "ಹಾ ಬಘಾ, ಇದನ್ನ ನೋಡಿ! ಏಕದಮ್ ರಾಜಾ. ಇದು ಬೇಕೇ ಬೇಕು. ದೌಲತಾಬಾದ್ ಕಿಲ್ಲಾ ನೋಡಿ ಬರೋ ಫಾರಿನ್ ಜನ ಇದರದ್ದೇ ಫೋಟೋ ತೆಗಿತಾರೆ, ನಮ್ಮ ಮಸಾಲೆ ದೋಸೆದು ಅಲ್ಲ."

ಚೀಲದೊಳಗೆ ಒಂದು ಗೇಣಿನ ಮೀನು. ಕಂದು ಮೈ, ಮೈತುಂಬ ತುಕ್ಕಿನ ಬಣ್ಣದ ಚುಕ್ಕೆ. ಉಳಿದವು ಚೀಲದ ಗೋಡೆಗೆ ಮೂತಿ ಹೊಡೆದುಕೊಳ್ಳುತ್ತಿದ್ದರೆ ಇದು ಕದಲದೆ, ಬಾಯಿ ಮುಚ್ಚಿ, ತನ್ನನ್ನು ಎತ್ತಿದವರನ್ನೆಲ್ಲ ನೋಡುತ್ತಿತ್ತು. ಮುರು. ಹೆಸರು ಶೀನನ ನಾಲಿಗೆಯ ತುದಿಗೆ ಬಂದು ಕೂತಿತು. ಬಾಯಿ ಮುಚ್ಚಿಕೊಂಡಿರುವಷ್ಟು ಹೊತ್ತು ಮುರುವಿನಷ್ಟು ಸಾಧು ಬೇರೆ ಇಲ್ಲ. ತೆರೆದರೆ ತಲೆಯೇ ಇಲ್ಲ, ಬರೀ ಬಾಯಿ. ಅವನ ಊರು ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಗಳಲ್ಲಿ ಇಳಿತದ ಹೊತ್ತಿಗೆ ಹೊಂಡಗಳು ಉಳಿಯುತ್ತಿದ್ದವು. ಅಪ್ಪ ಗಾಳಕ್ಕೆ ಬೇಕಾದ ಜೀವಂತ ಮೀನುಗಳನ್ನು ಅಂಥದೊಂದು ಹೊಂಡದಲ್ಲಿ ಮರುದಿನದವರೆಗೆ ಬಿಟ್ಟಿರುತ್ತಿದ್ದ. ಯಾವುದರ ಜೊತೆ ಯಾವುದು ಉಳಿಯುತ್ತದೆ ಎಂಬುದು ಅವನಿಗೆ ಮನೆಯ ಮಕ್ಕಳ ಗುಣ ಗೊತ್ತಿದ್ದಷ್ಟೇ ಸಲೀಸು. ಪಟ್ಟೆಯದ್ದು ಎರಡು ಬಿಟ್ಟರೆ ಒಂದು ಇನ್ನೊಂದನ್ನು ಮೂಲೆಗೆ ಒತ್ತುತ್ತದೆ, ಐದು ಬಿಟ್ಟರೆ ಯಾರನ್ನು ಒತ್ತುವುದೆಂದು ತಿಳಿಯದೆ ಸುಮ್ಮನಾಗುತ್ತವೆ. ಹಳದಿ ಚಪ್ಪಟೆಯದ್ದು ಪಾಪದ್ದು, ಕಲ್ಲು ನೆಕ್ಕಿಕೊಂಡಿರುತ್ತದೆ. ಒಮ್ಮೆ ಶೀನ ಬುದ್ಧಿವಂತಿಕೆ ಮಾಡಿ ತಾನು ಹಿಡಿದ ಪಟ್ಟೆ ಮೀನುಗಳ ಜೊತೆ ಚೆಂದ ಕಂಡಿತೆಂದು ಒಂದು ಮುರುವನ್ನೂ ಬಿಟ್ಟಿದ್ದ. ಬೆಳಿಗ್ಗೆ ಹೊಂಡದಲ್ಲಿ ಅದೊಂದೇ. ಅಪ್ಪ ಬೈಯಲಿಲ್ಲ. ಕಿವಿರಿನ ಕೆಳಗೆ ಎರಡು ಬೆರಳು ಕೊಟ್ಟು ಅದನ್ನೆತ್ತಿ ಹೊಟ್ಟೆ ಒತ್ತಿದ. ಬಾಯಿಂದ ಕಪ್ಪು ಬಿಳಿ ಪಟ್ಟೆಯ ಬಾಲವೊಂದು ಇಣುಕಿತು. ಅಪ್ಪ ಎಷ್ಟು ನಕ್ಕಿದ್ದನೆಂದರೆ ಬಲೆ ಬಿಡಿಸುತ್ತಿದ್ದ ಹೆಂಗಸರು ತಿರುಗಿ ನೋಡಿದ್ದರು.

"ಏನು ಶ್ರೀನಿವಾಸ?" ಕಿಟ್ಟಣ್ಣ ಇನ್ನೂ ಅವನನ್ನೇ ನೋಡುತ್ತಿದ್ದರು. ಬೇರೆ ದಿನಗಳಲ್ಲಿ ಒಂದು ಪ್ರಶ್ನೆ ಎರಡು ಸಲ ಕೇಳುವ ಜನ ಅಲ್ಲ ಅವರು.

ಹೇಳಬಹುದಿತ್ತು. ಅಣ್ಣ, ಆ ಚುಕ್ಕೆಯದ್ದು ಬೇಡ, ಅಷ್ಟೇ ಮಾತು. ಆಮೇಲೆ ಹರಿದಾಸ ಕೇಳುತ್ತಾನೆ, ನಿಮಗೆ ಹೆಂಗೆ ಗೊತ್ತು? ಅಡುಗೆಯ ಮುದ್ದಣ್ಣ ಬಾಗಿಲಲ್ಲೇ ನಿಂತಿದ್ದಾನೆ, ಊಟದ ಮನೆಗೆ ಮೀನು ತರುವ ಈ ಕಾಲ ಯಾವುದಪ್ಪಾ ಎಂದು ಬೆಳಿಗ್ಗೆಯಿಂದ ಗೊಣಗುತ್ತ, ಅವನೂ ಕೇಳುತ್ತಾನೆ. ಮೋಹನದಾಸ ಕೇಳುವುದೇ ಇಲ್ಲ, ಹೇಳಿಬಿಡುತ್ತಾನೆ. ಪುಸ್ತಕದಲ್ಲಿ ಓದಿದ್ದೆ ಅನ್ನಬಹುದೇ? ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಮುಂದೆ ಕೂತು ಅವನು ಪೇಪರು ಬಿಟ್ಟರೆ ಬೇರೇನೂ ಓದಿದ್ದನ್ನು ಯಾರೂ ಕಂಡಿಲ್ಲ.

"ಚೆಂದ ಉಂಟು ಅಣ್ಣ," ಎಂದ. "ಎಲ್ಲ ಚೆಂದ ಉಂಟು."

ಕಿಟ್ಟಣ್ಣ, "ಆಯ್ತು, ಹಾಗಾದ್ರೆ," ಎಂದು ಬೆರಳು ಮಾಡಿ ಆರಿಸಿದರು. ಪಟ್ಟೆಯವು ಎರಡು. ಹಳದಿಯದ್ದು ಒಂದು. ದುಂಡು ಮೈಯ ಬೆಳ್ಳಿ ಬಣ್ಣದ ಮರಿ ಒಂದು. ಮತ್ತು ರಾಜ.

ಶೀನ ಚೀಲಗಳನ್ನು ಬುಟ್ಟಿಗೆ ಇಳಿಸುವಾಗ ಮೋಹನದಾಸ ಪಕ್ಕಕ್ಕೆ ಬಂದು ತುಳುವಿನಲ್ಲಿ, ಮೆಲ್ಲಗೆ ಅಂದ: "ನಿಮಗೆ ಗೊತ್ತುಂಟು. ಚೀಲದೊಳಗೆ ಅದು ತಿರುಗಿದ ಕೂಡಲೇ ನೀವು ಕೈ ಬದಲಿಸಿದಿರಿ, ಬೆನ್ನಿನ ಮುಳ್ಳು ತಾಗದ ಹಾಗೆ. ರಥಬೀದಿಯವರು ಹಾಗೆ ಮಾಡುದಿಲ್ಲ."

"ನಿಮಗೂ ಗೊತ್ತುಂಟಲ್ಲ. ನೀವು ಯಾಕೆ ಹೇಳ್ಲಿಲ್ಲ?"

"ನನಗೆ ಮಾರ್ಲಿಕ್ಕುಂಟು. ನಿಮಗೆ ಎಂತ ಉಂಟು?"

ಶೀನನಿಗೆ ಏನಿತ್ತೆಂದರೆ, ಔರಂಗಾಬಾದಿನ ಸ್ಟೇಷನ್ ರೋಡಿನಲ್ಲಿ ನಾಳೆ ಬೆಳಿಗ್ಗೆ ಶುರುವಾಗುವ ಹೊಸ ಹೋಟೆಲಿನ ಮೇಲೆ ಎರಡು ಕೋಣೆಗಳಿದ್ದವು. ಅಲ್ಲಿ ಮ್ಯಾನೇಜರಾಗಿ ಕೂರುವವನಿಗೆ ಆ ಕೋಣೆಗಳು. ಕಿಟ್ಟಣ್ಣ ದೀಪಾವಳಿಯ ಹೊತ್ತಿಗೆ, "ಈ ಸಲ ನೋಡುವ ಶ್ರೀನಿವಾಸ, ನಿನಗೂ ಸಂಸಾರ ಉಂಟಲ್ಲ," ಎಂದಿದ್ದರು. ಅಷ್ಟರ ಮೇಲೆ ಅವನು ಕಾಪುವಿಗೆ ಕಾಗದ ಬರೆದಿದ್ದ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಸರೋಜಿನಿಯ ಜೊತೆ ಅವನು ಇದ್ದದ್ದು ಒಟ್ಟು ಕೂಡಿಸಿದರೆ ಹತ್ತು ತಿಂಗಳು. ಮಗಳು ಕುಸುಮಾವತಿ ಅವನನ್ನು ಕಂಡರೆ ಮೊದಲ ಎರಡು ದಿನ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಬರುವುದಾದರೆ ಇಂತಿಂಥದು ಬಿಟ್ಟು ಬರಬೇಕು, ಇಂತಿಂಥದು ಹೇಳಬಾರದು ಎಂದು ಅವನು ಎರಡು ಪುಟ ಬರೆದಿದ್ದ. ಸರೋಜಿನಿ ನಾಲ್ಕು ಸಾಲು ಬರೆದಿದ್ದಳು: ಮೀನು ಬಿಡ್ತೇನೆ, ಅದೇನು ದೊಡ್ಡದಲ್ಲ. ಮಾತಿನ ಮಧ್ಯೆ ಅಪ್ಪನ ದೋಣಿ ಬಂದರೆ ಏನು ಮಾಡಲಿ, ಅದನ್ನು ಬರೆಯಿರಿ.

ಹೊರಡುವ ಮುಂಚೆ ಊಟಕ್ಕೆ ಕೂತ. ಅವನ ಊಟ ಗಲ್ಲೆಯ ಹಿಂದಿನ ಪುಟ್ಟ ಮೇಜಿನ ಮೇಲೆ. ಉಳಿದವರೆಲ್ಲ ಒಳಗೆ ಅಡುಗೆಮನೆಯಲ್ಲಿ ಸಾಲಾಗಿ ನೆಲದ ಮೇಲೆ ಕೂತು ಉಣ್ಣುವಾಗ ಮುದ್ದಣ್ಣ ಇವನಿಗೆ ಮಾತ್ರ ಬೇರೆ ತಟ್ಟೆಯಲ್ಲಿ ಹೊರಗೆ ತಂದು ಬಡಿಸುತ್ತಿದ್ದ. ಬೇಕಾದದ್ದನ್ನು ಕೇಳಲು ಎದ್ದರೆ, "ಕೂತ್ಕೊಳ್ಳಿ ಶ್ರೀನಿವಾಸಣ್ಣ, ಮ್ಯಾನೇಜರು ಒಳಗೆ ಬರುದುಂಟಾ, ನಾನೇ ತರ್ತೇನೆ" ಎಂದು ಅವನ ಕಾಲು ಹೊಸ್ತಿಲು ಮುಟ್ಟುವ ಮೊದಲೇ ಓಡಿ ಬರುತ್ತಿದ್ದ. ಬಂದ ಮೊದಲ ತಿಂಗಳಲ್ಲೇ ದೊರೆತ ಮರ್ಯಾದೆ ಅದು, ಆಗ ಅವನಿನ್ನೂ ಮೇಜು ಒರೆಸುವವನು. ಕೆಲಸ ಕಂಡು ಕೊಟ್ಟದ್ದು ಎಂದುಕೊಂಡಿದ್ದ. ಊರಿಗೆ ಹೋದಾಗ ಸರೋಜಿನಿಗೆ ಅದನ್ನು ಎಷ್ಟು ಸಲ ಹೇಳಿದ್ದನೋ. ಈಗ ಹೆಬ್ಬೆರಳಲ್ಲಿ ತುತ್ತನ್ನು ಒತ್ತಿ ಒತ್ತಿ ಬಾಯಿಗಿಡುತ್ತ, ತಟ್ಟೆಯ ಪಕ್ಕದಲ್ಲಿ ಮುದ್ದಣ್ಣ ಇಟ್ಟುಹೋದ ಹಪ್ಪಳವನ್ನು ನೋಡುತ್ತ, ಈ ಮರ್ಯಾದೆ ಒಂದು ಮೀನಿಗಾಗಿ ಹೋಗಬೇಕೇ ಎಂದು ತನ್ನನ್ನೇ ಕೇಳಿಕೊಂಡ.

ಟೆಂಪೋದ ಮುಂದೆ ಕಿಟ್ಟಣ್ಣ, ಹರಿದಾಸ. ಹಿಂದೆ ಗಾಜಿನ ತೊಟ್ಟಿ, ಕ್ಯಾನುಗಳು, ಬುಟ್ಟಿ, ಹರಿದಾಸನ ಒಂದು ದೊಡ್ಡ ಟ್ರಂಕು, ಮತ್ತು ಶೀನ. ಹೊಸ ಅಡುಗೆಮನೆಯ ಒಲೆ ಹಚ್ಚಲು ಮುದ್ದಣ್ಣ ರಾತ್ರಿಯ ಬಸ್ಸಿಗೆ ಬರುವವನಿದ್ದ. ನಿಫಾಡ್ ದಾಟುವವರೆಗೆ ಎರಡೂ ಕಡೆ ದ್ರಾಕ್ಷಿಯ ಚಪ್ಪರ. ಕುಲುಕಿದಾಗಲೆಲ್ಲ ಕ್ಯಾನಿನ ಕಂಠದಿಂದ ನೀರು ಹಾರಿ ಅವನ ತೋಳಿನ ಮೇಲೆ ಬೀಳುತ್ತಿತ್ತು, ಬಿಸಿಲಿಗೆ ಒಣಗಿ ಬಿಳಿ ಗೆರೆಯಾಗುತ್ತಿತ್ತು. ಯೇವಲಾ ಹತ್ತಿರ ಒಮ್ಮೆ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಆ ಗೆರೆಗೆ ನಾಲಿಗೆ ತಾಗಿಸಿದ. ಕಳೆದ ಸಲ ಊರಿಂದ ಬಂದು ಟ್ರಂಕು ಬಿಚ್ಚಿದಾಗ ಅಂಗಿಗಳ ಅಡಿಯಲ್ಲಿ ಸರೋಜಿನಿ ಇಟ್ಟಿದ್ದ ಒಣ ಸಿಗಡಿಯ ಪೊಟ್ಟಣ ಸಿಕ್ಕಿತ್ತು, ಮೂರು ಸುತ್ತು ಬಟ್ಟೆ ಸುತ್ತಿ, ಮೇಲೆ ಕರ್ಪೂರ ಕಟ್ಟಿ. ವಾಸನೆ ಬರಬಾರದೆಂದು ಕರ್ಪೂರ. ಅವಳಿಗೆ ಅವನ ಭಯ ಅಷ್ಟು ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಬೇಗ ಎದ್ದು ಸೇತುವೆಯ ಮೇಲೆ ನಿಂತು ಅದನ್ನು ಗೋದಾವರಿಗೆ ಹಾಕಿದ್ದ. ಕೆಳಗೆ ಮೀಯುತ್ತಿದ್ದ ಒಬ್ಬ ಮುದುಕ, ಅಸ್ಥಿ ಬಿಡುವವನೆಂದು ತಿಳಿದು, ಎದ್ದು ಕೈ ಮುಗಿದಿದ್ದ. ಶೀನನೂ ಕೈ ಮುಗಿದಿದ್ದ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಇಡೀ ದಾರಿ ಬುಟ್ಟಿಯೊಳಗಿನ ಐದು ಚೀಲಗಳು ಒಂದಕ್ಕೊಂದು ಒರಗಿ ಕೂತಿದ್ದವು. ಮುರುವಿನ ಚೀಲಕ್ಕೆ ಒತ್ತಿಕೊಂಡು ಪಟ್ಟೆಯವುಗಳ ಚೀಲಗಳು. ನಡುವೆ ಎರಡು ಪೊರೆ ಪ್ಲಾಸ್ಟಿಕ್ ಅಷ್ಟೇ. ಅದು ಅವುಗಳನ್ನು ನೋಡುತ್ತಿತ್ತು. ಇಳಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಅಣ್ಣನನ್ನು ಒಬ್ಬರನ್ನೇ ಕರೆದು. ನಮ್ಮ ಮನೆಯ ಹತ್ತಿರ ಮೀನು ಹಿಡಿಯುವ ಮೊಗವೀರರ ಹುಡುಗನೊಬ್ಬ ಇದ್ದ ಅಣ್ಣ, ಅವ ಹೇಳುತ್ತಿದ್ದ, ಎಂದು ಶುರು ಮಾಡುವುದು. ಆ ಹುಡುಗನಿಗೆ ಒಂದು ಹೆಸರೂ ಇಡಬೇಕಾಗುತ್ತದೆ.

ಔರಂಗಾಬಾದ್ ತಲುಪುವಾಗ ಸಂಜೆ. ಫ್ಯಾಮಿಲಿ ರೂಮಿನ ಗೋಡೆಗೆ ಒತ್ತಿ ತೊಟ್ಟಿ ಇಟ್ಟರು, ಮೂರಡಿ ಉದ್ದದ್ದು. ಮರಳು ಹಾಕಿ, ಕಲ್ಲಿಟ್ಟು, ನೀರು ತುಂಬಿದರು. ಗಾಳಿ ಪಂಪು ಗುಳುಗುಳು ಎಂದಿತು. ಹಿಂದಿನ ದಿನವೇ ಬಂದಿದ್ದ ಬಡಿಸುವ ಹುಡುಗರು ಗುಂಪು ಕಟ್ಟಿದರು. ಒಂದೊಂದೇ ಮೀನು ಇಳಿಯಿತು. ಮುರು ನೇರ ಹೋಗಿ ಕಲ್ಲಿನ ಸಂದಿಗೆ ಹಿಮ್ಮುಖವಾಗಿ ಸೇರಿಕೊಂಡಿತು.

"ನಾಚಿಕೆ ಅದಕ್ಕೆ," ಎಂದ ಒಬ್ಬ.

"ಹೊಸ ಮದುಮಗ ಅಲ್ವಾ," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಶೀನನೂ ನಕ್ಕ. ಹಮಾಲನೊಬ್ಬ ಹರಿದಾಸನ ಟ್ರಂಕನ್ನು ಹೊತ್ತು ಮಹಡಿಯ ಮೆಟ್ಟಿಲು ಹತ್ತುತ್ತಿದ್ದ. ಉದ್ಘಾಟನೆ ಮುಗಿಯುವವರೆಗೆ ಇಲ್ಲಿರುತ್ತಾನೆ, ಎಂದುಕೊಂಡ ಶೀನ. ಅಷ್ಟು ದೊಡ್ಡ ಟ್ರಂಕು ಯಾಕೆ ಎಂಬ ಪ್ರಶ್ನೆಯನ್ನು ಅರ್ಧದಲ್ಲೇ ಬಿಟ್ಟ.

"ಎಲ್ಲ ಸರಿ ಉಂಟಲ್ಲ?" ಕಿಟ್ಟಣ್ಣ ಹಿಂದಿನಿಂದ ಕೇಳಿದರು. ಸುತ್ತ ಯಾರೂ ಇರಲಿಲ್ಲ ಆಗ. ಹುಡುಗರು ಬಾಗಿಲಿಗೆ ತೋರಣ ಕಟ್ಟಲು ಹೋಗಿದ್ದರು.

"ಸರಿ ಉಂಟು ಅಣ್ಣ."

ಬೆಳಿಗ್ಗೆ ಕಿಟ್ಟಣ್ಣನೇ ಅವನನ್ನು ಕರೆಸಿದರು. ಸ್ನಾನ ಮುಗಿಸಿ, ನಾಮ ಹಚ್ಚಿ, ಹೊಸ ಪಂಚೆ ಉಟ್ಟು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಂಪು ಗುಳುಗುಳು ಎನ್ನುತ್ತಲೇ ಇತ್ತು. ಮುರು ಈಗ ಸಂದಿಯಲ್ಲಿರಲಿಲ್ಲ. ನಡುಮಧ್ಯದಲ್ಲಿ, ಹೊಟ್ಟೆ ಭಾರವಾಗಿ, ತನ್ನ ಮನೆಯಲ್ಲಿ ನಿಂತ ಹಾಗೆ ನಿಂತಿತ್ತು. ಪಟ್ಟೆಯವೆರಡೂ ಇಲ್ಲ. ಬೆಳ್ಳಿ ಬಣ್ಣದ ಮರಿ ಇಲ್ಲ. ಹಳದಿಯದ್ದು ಅಗಲ ಮೈಯಾದ್ದರಿಂದ ಬಾಯಿಗೆ ಹಿಡಿಸಿರಲಿಲ್ಲ. ಬಾಲ ಹರಿದು ಮರಳಿಗೆ ಒರಗಿತ್ತು, ಒಂದು ಕಡೆಯ ಕಿವಿರು ಇನ್ನೂ ತೆರೆದು ಮುಚ್ಚುತ್ತಿತ್ತು.

"ನಿನಗೆ ಗೊತ್ತಿತ್ತು," ಎಂದರು ಕಿಟ್ಟಣ್ಣ.

"ನನಗೆ ಹೇಗೆ ಅಣ್ಣ, ನಾನು..."

"ಸಾಕು, ಶೀನ."

ಹನ್ನೆರಡು ವರ್ಷದಲ್ಲಿ ಈ ಹೋಟೆಲಿನವರ ಬಾಯಲ್ಲಿ ಕೇಳದ ಹೆಸರು. ಕೆಲಸ ಕೇಳಿಕೊಂಡು ಬಂದ ದಿನ ಹೆಸರೇನು ಎಂದಾಗ ಅವನು ಶೀನ ಎಂದೇ ಹೇಳಿದ್ದ. ಕಿಟ್ಟಣ್ಣ ಕನ್ನಡಕ ಏರಿಸಿ, ಕೆಲಸದವರ ಪುಸ್ತಕದಲ್ಲಿ ಶ್ರೀನಿವಾಸ ಎಂದು ಬರೆದಿದ್ದರು. ಅವನು ತಿದ್ದಲಿಲ್ಲ. ಅಷ್ಟೇ ಅವನು ಮಾಡಿದ್ದು. ಉಳಿದ ಸುಳ್ಳೆಲ್ಲ ಅದರ ಹಿಂದೆ ತಾವಾಗಿ ಬಂದವು.

"ನಿನ್ನತ್ರ ಎರಡೆರಡು ಸಲ ಯಾಕೆ ಕೇಳಿದ್ದು ಅಂತ ಮಾಡಿದ್ದಿ? ಹರಿದಾಸನಿಗೆ ಕಡಲು ಅಂದ್ರೆ ಚೌಪಾಟಿಯ ಭೇಲ್‌ಪುರಿ. ಮುದ್ದಣ್ಣನಿಗೆ ಮೀನಿನ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ. ನೀನು ಬಂದ ಎರಡನೇ ವಾರವೇ ನನಗೆ ಗೊತ್ತು. ಒಳಗೆ ಎಲ್ಲರ ಸಾಲಲ್ಲೇ ಕೂತು ಉಣ್ತಿದ್ದಿ ಆಗ. ಒಂದೊಂದು ತುತ್ತೂ ಹೆಬ್ಬೆರಳಲ್ಲಿ ಒತ್ತಿ ನೋಡಿ ಬಾಯಿಗೆ ಹಾಕುದು. ಇವ ಸಾಂಬಾರಲ್ಲಿ ಎಂತ ಮುಳ್ಳು ಹುಡುಕುದು ಅಂತ ಮುದ್ದಣ್ಣ ನಗಾಡಿಕೊಂಡು ಬಂದ. ನಗಾಡ್ತಿದ್ದ ಹಾಗೇ ಅವನಿಗೆ ಹೊಳೀತು, ಇದು ಮೀನು ತಿನ್ನುವವರ ಕೈ ಅಂತ. ಕಳಿಸಿಬಿಡಿ ಅಂದ ನನಗೆ. ಕಳಿಸ್ಲಿಲ್ಲ ನಾನು. ಪ್ರಾಮಾಣಿಕ ಹುಡುಗ, ಚುರುಕು ಉಂಟು, ಯಾಕೆ ಕಳಿಸುದು? ಗಲ್ಲೆಯ ಹಿಂದೆ ಒಂದು ಮೇಜು ಹಾಕಿಸಿದೆ. ಎಲ್ಲರಿಗೂ ಸಮಾಧಾನ ಆಯ್ತು."

ಕಿಟ್ಟಣ್ಣ ಅದನ್ನು ಉಪಕಾರದ ಧ್ವನಿಯಲ್ಲೇ ಹೇಳಿದರು. ನಿಜಕ್ಕೂ ಉಪಕಾರವೆಂದೇ ಅವರು ತಿಳಿದಿದ್ದರೆಂಬುದು ಅವರ ಮುಖದಲ್ಲಿತ್ತು. ಶೀನನ ಬಲಗೈಯ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಹೋಯಿತು. ಬೇರೆ ತಟ್ಟೆ. ಓಡಿ ಬರುತ್ತಿದ್ದ ಮುದ್ದಣ್ಣ, ಹೊಸ್ತಿಲಿಗೆ ಅಡ್ಡವಾಗಿ ನಿಂತ ಅವನ ದೊಡ್ಡ ಹೊಟ್ಟೆ, ಆ ನಗು. ಅನಂತ ಚತುರ್ದಶಿಯ ದಿನ ಪ್ರಸಾದವನ್ನು ಅಂಗೈಗೆ ಎರಡು ಬೆರಳು ಮೇಲಿನಿಂದ ಹಾಕುತ್ತಿದ್ದದ್ದು. ಅದರಲ್ಲಿ ಒಂದನ್ನೂ ಮುಚ್ಚಿಟ್ಟಿರಲಿಲ್ಲ. ಎಲ್ಲವೂ ಅವನ ಕಣ್ಣ ಮುಂದೆಯೇ ಇತ್ತು, ಅವನೇ ಅದನ್ನು ಮಡಚಿ ಮಡಚಿ ಊರಿಗೆ ಒಯ್ದು ಹೆಂಡತಿಯ ಮುಂದೆ ಬಿಚ್ಚಿ ತೋರಿಸಿದ್ದ: ನೋಡು, ನನಗೊಬ್ಬನಿಗೇ ಮೇಜು. ಸರೋಜಿನಿ ಆಗ ಲಾಟೀನಿನ ಬತ್ತಿ ಸರಿಮಾಡುತ್ತ ಕೂತಿದ್ದಳು. ಅವಳಿಗೂ ಆಗಲೇ ತಿಳಿದಿತ್ತೇ? ಸೇತುವೆಯಿಂದ ಬಿದ್ದ ಪೊಟ್ಟಣ, ಕೈ ಮುಗಿದ ಮುದುಕ. ಯಾರಿಗಾಗಿ ಹಾಕಿದ್ದು ಅದನ್ನು? ಬಿಟ್ಟ ಮೀನು, ಬಿಟ್ಟ ಮಾತು, ಬಾಗಿಲ ಹಿಂದೆ ನಿಂತ ಮಗಳು, ಎಲ್ಲ ಯಾರ ಕಣ್ಣಿಗೆ ಮರೆಮಾಡಲು?

"ನಿನ್ನೆ ಹೇಳಿದ್ದಿದ್ರೆ ಅಣ್ಣ?" ಎಂದ. "ಈ ಮೀನು ಬೇಡ ಅಂತ ಹೇಳಿದ್ದಿದ್ರೆ?"

"ಹೇಳಿದ್ರೆ ನಿನ್ನನ್ನೇ ಇಲ್ಲಿ ಕೂರಿಸುದು ಅಂತ ಇತ್ತು ನನಗೆ. ಮನೆಗೆ ಬೆಂಕಿ ಬೀಳುದನ್ನು ನೋಡಿಕೊಂಡು ಸುಮ್ಮನೆ ಕೂತವನ ಕೈಗೆ ಅಂಗಡಿ ಹೇಗೆ ಕೊಡುದು, ನೀನೇ ಹೇಳು. ಹರಿದಾಸ ನೋಡ್ಕೊಳ್ತಾನೆ ಇಲ್ಲಿ. ನೀನು ನಾಸಿಕಕ್ಕೇ ಹೋಗು."

ಮಹಡಿಯಲ್ಲಿ ಯಾರೋ ಮಂಚ ಎಳೆದ ಸದ್ದಾಯಿತು. ಶೀನ ತಲೆ ಎತ್ತಿ ಮೇಲೆ ನೋಡಿದ. ಕಿಟ್ಟಣ್ಣನೂ ನೋಡಿದರು, ಬೇಗನೆ ಕಣ್ಣಿಳಿಸಿದರು. ಟ್ರಂಕು ನಿನ್ನೆ ಬೆಳಿಗ್ಗೆಯೇ, ಮೀನು ಆರಿಸುವ ಮೊದಲೇ, ಟೆಂಪೋಕ್ಕೆ ಏರಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಮಾತನ್ನು ಕಿಟ್ಟಣ್ಣ ಈಗ ನಂಬಿದ್ದರು. ಇನ್ನು ಮುಂದೆ ಕೇಳಿದವರಿಗೆಲ್ಲ ಹಾಗೆಯೇ ಹೇಳುತ್ತಾರೆ, ಅವನಿಗೇ ಕೊಡಬೇಕೆಂದಿದ್ದೆ, ಅವನೇ ಕೆಡಿಸಿಕೊಂಡ ಎಂದು. ಅದಕ್ಕೆ ಬೇಕಾದ ಮೌನವನ್ನು ಶೀನ ತನ್ನ ಕೈಯಾರೆ ಕೊಟ್ಟಿದ್ದ.

"ಹತ್ತು ಗಂಟೆಗೆ ಕಲೆಕ್ಟರ ಆಫೀಸಿನವರು ಬರ್ತಾರೆ," ಎಂದು ಕಿಟ್ಟಣ್ಣ ಎದ್ದರು. "ಅಷ್ಟರೊಳಗೆ ಆ ಸಾಯುವುದನ್ನು ತೆಗಿ. ಇರುದೊಂದಾದ್ರೂ ಚೆಂದ ಕಾಣ್ಲಿ. ನೀನೇ ತೆಗಿ, ನಮ್ಮವರಿಗೆ ಮುಟ್ಲಿಕ್ಕೆ ಆಗುದಿಲ್ಲ."

"ಆಯ್ತು ಅಣ್ಣ," ಎಂದಿತು ಅವನ ಬಾಯಿ.

ತೋಳು ಮಡಚಿ ಕೈ ಇಳಿಸಿದ. ನೀರು ಮೊಣಕೈವರೆಗೆ ಬಂತು. ಬೆರಳಲ್ಲಿದ್ದ ಹಳೆಯ ಗಾಯವೊಂದು ಉಪ್ಪಿಗೆ ಉರಿಯಿತು. ಮುರು ಹೆದರಿ ಓಡಲಿಲ್ಲ. ತಿರುಗಿ ಅವನ ಕೈಯನ್ನು ನೋಡಿತು, ಬಾಯಿಯ ಅಳತೆ ಹಾಕುವ ಹಾಗೆ. ಹಳದಿ ಮೀನು ಅಂಗೈಯಲ್ಲಿ ತೂಕವೇ ಇಲ್ಲದಂತೆ ಬಂತು. ಹಿಂಬಾಗಿಲಿನಿಂದ ಹೊರಗೆ ಹೋಗಿ ಬೇವಿನ ಮರದ ಬುಡದಲ್ಲಿ ಮಣ್ಣು ಕೆದಕಿ ಇಟ್ಟು ಮುಚ್ಚಿದ. ಹಾಗೆ ಇಡುವ ಮುಂಚೆ, ಕಿವಿರು ನಿಲ್ಲುವವರೆಗೆ, ಅದನ್ನು ಅಂಗೈಯಲ್ಲೇ ಹಿಡಿದುಕೊಂಡಿದ್ದ.

ಕೈಗೆ ಉಪ್ಪುನೀರು, ಮಣ್ಣು ಮೆತ್ತಿತ್ತು. ಹೊಸ ಅಡುಗೆಮನೆಯ ಬಾಗಿಲು ಎದುರಿಗೇ ಇತ್ತು, ಹೊಸ್ತಿಲಿಗೆ ಅರಿಶಿನ ಕುಂಕುಮ, ಒಳಗೆ ತೆಂಗಿನಕಾಯಿ ತುರಿಯುವ ಸದ್ದು. ಅವನು ಆ ಕಡೆ ನಡೆದ.

"ಓಹೋ ಶ್ರೀನಿವಾಸಣ್ಣ," ಮುದ್ದಣ್ಣ ತುರಿಮಣೆಯ ಮೇಲಿಂದಲೇ ನಗುತ್ತ ಕರೆದ. "ನೀರು ಬೇಕಿತ್ತಾ? ಅಲ್ಲೇ ನಿಲ್ಲಿ, ನಾನೇ ತರ್ತೇನೆ. ನೀವು ಒಳಗೆ ಬರುದುಂಟಾ?"

"ನಾನೇ ತೊಳ್ಕೊಳ್ತೇನೆ ಮುದ್ದಣ್ಣ," ಎಂದ ಶೀನ. "ಕೈ ಮಾತ್ರ."

ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ. ಮುದ್ದಣ್ಣನ ಮುಖದ ನಗು ಇದ್ದ ಹಾಗೆಯೇ ಇತ್ತು. ನಗುತ್ತಲೇ ಅವನು ಎಡಗೈ ಚಾಚಿ ಕುಡಿಯುವ ನೀರಿನ ಹಂಡೆಯ ಮೇಲೆ ಮುಚ್ಚಳ ಎಳೆದ. ಹೊಸ ಮುಚ್ಚಳ, ಸರಿಯಾಗಿ ಕೂರಲಿಲ್ಲ. ಇನ್ನೊಮ್ಮೆ ಎಳೆದ.